ಶಿವಪುರದ ನೆನಪುಗಳನ್ನು ಬರೆದುಕೊಂಡ ಬಗೆ

ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದ್ದು, ನಿಷೇಧಾಜ್ಞೆಯನ್ನು ಮೀರಿ ಧ್ವಜ ಏರಿಸಿದ ಟಿ. ಸಿದ್ಧಲಿಂಗಯ್ಯನವರು ಬಂಧನಕ್ಕೊಳಗಾದದ್ದು ಪಠ್ಯಪುಸ್ತಕದಲ್ಲಿಯೇ ಇದೆ. ಅಂದು ಅಲ್ಲಿ ನೆರೆದಿದ್ದ ಸಾವಿರಾರು ಜನ ಯಾವ ಯಾವ ಊರಿನವರು, ಯಾವ ದಾರಿಯಲ್ಲಿ ನಡೆದು ಬಂದರು, ರಾತ್ರಿ ಎಲ್ಲಿ ಮಲಗಿದರು ಎಂಬುದು ಅದರಲ್ಲಿಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನು ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷದಲ್ಲಿ, ಅಂದರೆ 1997ರಲ್ಲಿ, ಇದನ್ನು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಕೈಹಾಕಿದೆ. ಕಣ್ಣಾರೆ ಕಂಡವರು ಆಗ ಇನ್ನೂ ಹಳ್ಳಿಗಳಲ್ಲಿದ್ದರು.

ಮೊದಲು ಎದುರಾದದ್ದು ತಾರೀಖಿನ ತೊಡಕು. ಹಿರಿಯರನ್ನು ಇಸವಿ ಕೇಳಿದರೆ ಉತ್ತರ ಬರುವುದಿಲ್ಲ. ಬಂದರೂ ಅದು ಯಾರೋ ಭಾಷಣದಲ್ಲಿ ಹೇಳಿದ ಇಸವಿಯಾಗಿರುತ್ತದೆ. ಆದ್ದರಿಂದ ನಾನು ಸಂವತ್ಸರ ಮತ್ತು ಹಬ್ಬಗಳನ್ನು ಹಿಡಿದು ಕೇಳತೊಡಗಿದೆ. ಶಿವಪುರದ್ದು ಬಹುಧಾನ್ಯ ಸಂವತ್ಸರದ ಯುಗಾದಿ ಕಳೆದ ಕೆಲವೇ ದಿನಗಳ ಮಾತು. ಅರಸರ ಮೈಸೂರು ಸಂಸ್ಥಾನದಲ್ಲಿ ಜನರಿಗೆ ಉತ್ತರ ಹೇಳುವ ಸರ್ಕಾರ ಬೇಕೆಂದು 1947ರಲ್ಲಿ ನಡೆದ ‘ಮೈಸೂರು ಚಲೋ’ ಚಳವಳಿ ಸರ್ವಜಿತ್ತಿನ ಗೌರಿ ಹಬ್ಬದ ಹಿಂದುಮುಂದಿನದು. ಹೀಗೆ ಕೇಳಿದಾಗ ಹೊಲದಲ್ಲಿ ಆಗ ಏನಿತ್ತು, ಮನೆಯಲ್ಲಿ ಯಾರು ಬಾಣಂತಿಯಾಗಿದ್ದರು ಎಂಬುದೂ ಸೇರಿಕೊಂಡು ಘಟನೆ ತನ್ನ ಜಾಗದಲ್ಲಿ ನಿಲ್ಲುತ್ತಿತ್ತು. ಕಾಗದಪತ್ರ ಹುಡುಕುವವರು ಇನ್ನೊಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು: ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಅದಕ್ಕೂ ಮೊದಲಿನ ಕಡತಗಳನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕೇ ಹೊರತು ಮಂಡ್ಯದ ಹೆಸರಿನಲ್ಲಲ್ಲ.

ಎರಡನೆಯದು ಪ್ರಶ್ನೆಯ ಬಗೆ. ‘ನೀವು ಚಳವಳಿಗೆ ಏಕೆ ಇಳಿದಿರಿ’ ಎಂದು ಕೇಳಿದರೆ ಎಲ್ಲರೂ ಗಾಂಧೀಜಿಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ‘ಅಂದು ಬೆಳಿಗ್ಗೆ ಮನೆಯಿಂದ ಹೊರಟಾಗ ಜೊತೆಯಲ್ಲಿ ಯಾರಿದ್ದರು, ಶಿಂಷಾ ಹೊಳೆಯನ್ನು ಎಲ್ಲಿ ದಾಟಿದಿರಿ’ ಎಂದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬ ಅಜ್ಜಿ, ತನಗೇನೂ ಗೊತ್ತಿಲ್ಲವೆಂದು ಒಳಗೆ ಹೋಗುತ್ತಿದ್ದವರು, ಅಡುಗೆಯ ಮಾತು ಎತ್ತಿದ ಮೇಲೆ ಜಗಲಿಯ ಮೇಲೆ ಕುಳಿತರು. “ನಾವೇನ್ ಮಾಡುದ್ವು ಮೇಷ್ಟ್ರೇ, ಬಂದೋರ್ಗೆ ಹಿಟ್ಟು ಮಾಡಾಕುದ್ವು ಅಷ್ಟೇಯ” ಎಂದು ಶುರು ಮಾಡಿ, ಹಗಲೆಲ್ಲ ರಾಗಿ ಬೀಸಿದ್ದು, ದೂರದ ಊರುಗಳಿಂದ ನಡೆದು ಬಂದವರನ್ನು ಕತ್ತಲಾದ ಮೇಲೆ ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆದದ್ದು, ಪೊಲೀಸರು ವಿಚಾರಿಸಿದರೆ ಮದುವೆಯ ನೆಂಟರೆಂದು ಹೇಳಬೇಕೆಂದು ಮಾವ ಮಕ್ಕಳಿಗೆಲ್ಲ ಕಲಿಸಿಕೊಟ್ಟದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದರು.

ಆ ಅಜ್ಜಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಜಾರಿಗೆ ತಂದಾಗ ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಸೆರೆವಾಸವನ್ನು ಅರ್ಹತೆಯಾಗಿಟ್ಟಿತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ಅವಧಿಯನ್ನು 3 ತಿಂಗಳಿಗೆ ಇಳಿಸಲಾಯಿತು. ಸರ್ಕಾರಕ್ಕೆ ಏನಾದರೊಂದು ಅಳತೆ ಬೇಕೇಬೇಕು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಪಿಂಚಣಿಯ ಅಳತೆಯೇ ಊರಿನ ನೆನಪಿನ ಅಳತೆಯೂ ಆಗಿಬಿಟ್ಟದ್ದನ್ನು ನಾನು ಹಳ್ಳಿ ಹಳ್ಳಿಯಲ್ಲಿ ಕಂಡಿದ್ದೇನೆ. ಸರ್ಕಾರ ಹೋರಾಟಗಾರರಿಗೆ ಗೌರವವಾಗಿ ಕೊಟ್ಟ ತಾಮ್ರಪತ್ರ ಬಂದ ಮನೆ ‘ಹೋರಾಟಗಾರರ ಮನೆ’ಯಾಯಿತು, ಅನ್ನ ಹಾಕಿದ, ಅಡಗಿಸಿಟ್ಟ, ಕರಪತ್ರ ಸಾಗಿಸಿದ ಮನೆಗಳು ಬರಿಯ ಮನೆಗಳಾಗಿ ಉಳಿದವು. ಇದಲ್ಲದೆ ಜೈಲಿನ ದಾಖಲೆ ಸಿಗದವರು ಜೊತೆಯಲ್ಲಿ ಸೆರೆಯಲ್ಲಿದ್ದವರಿಂದ ಪ್ರಮಾಣಪತ್ರ ತರಬೇಕಾಗಿತ್ತು. ಅರ್ಜಿಗಾಗಿ ಹೀಗೆ ಹತ್ತಾರು ಬಾರಿ ಹೇಳಿದ ಕಥೆ ಅರ್ಜಿಯ ಆಕಾರವನ್ನೇ ತಳೆದು, ಮಕ್ಕಳ ಬಾಯಿಗೂ ಹಾಗೆಯೇ ಇಳಿದಿರುತ್ತದೆ. ಅಂಥ ಮನೆಗೆ ಹೋದಾಗ ನಾನು ಮೊದಲು ಅರ್ಜಿಯ ಪ್ರತಿಯನ್ನು ಓದಿಕೊಂಡು, ಅದರಲ್ಲಿ ಇಲ್ಲದ್ದನ್ನು ಮಾತ್ರ ಕೇಳುತ್ತೇನೆ.

ಒಂದು ಮನೆಯ ಅಟ್ಟದಿಂದ ಇಳಿಸಿದ ಕಬ್ಬಿಣದ ಟ್ರಂಕಿನಲ್ಲಿ, ಹಳೆಯ ರೇಷ್ಮೆ ವಸ್ತ್ರದ ಚೂರಿನಲ್ಲಿ ಸುತ್ತಿಟ್ಟ ತಾಮ್ರಪತ್ರವಿತ್ತು. ಅದರ ಕೆಳಗೆ, ವಸ್ತ್ರವೂ ಇಲ್ಲದೆ, ಆರು ಮೂಲೆಯ ನಕ್ಷತ್ರ ಪದಕವೊಂದು ಬಿದ್ದಿತ್ತು. ಅದು ಎರಡನೆಯ ಮಹಾಯುದ್ಧದ ಬರ್ಮಾ ಸ್ಟಾರ್. ಅಣ್ಣ 1942ರಲ್ಲಿ ಜೈಲಿಗೆ ಹೋಗಿದ್ದರೆ ತಮ್ಮ ಬ್ರಿಟಿಷರ ಸೈನ್ಯದಲ್ಲಿ ಬರ್ಮಾಕ್ಕೆ ಹೋಗಿದ್ದ. ಅಣ್ಣನ ವಿಚಾರವನ್ನು ಮೂರು ತಲೆಮಾರಿನವರೂ ಉತ್ಸಾಹದಿಂದ ಹೇಳಿದರು. ತಮ್ಮನ ಪದಕ ಯಾವುದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ನಾನು ಇಬ್ಬರದನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡೆ. ಒಂದೇ ಮನೆಯ ರಾಗಿ ತಿಂದು ಬೆಳೆದ ಇಬ್ಬರನ್ನು ನಮ್ಮ ಅನುಕೂಲಕ್ಕೆಂದು ಎರಡು ಇತಿಹಾಸಗಳಿಗೆ ಹಂಚುವುದು ನನಗೆ ಒಪ್ಪಿಗೆಯಾಗಲಿಲ್ಲ.

ನೆನಪುಗಳು ಒಂದರೊಳಗೊಂದು ಬೆರೆಯುವುದೂ ಉಂಟು. ಶಿವಪುರದಲ್ಲಿ ಗೋಲಿಬಾರ್ ನಡೆಯಿತೆಂದು ಹಲವರು ಹೇಳಿದ್ದಾರೆ. ಗುಂಡು ಹಾರಿದ್ದು ಅದೇ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ. ಸುದ್ದಿ ಇಲ್ಲಿಗೆ ಬಂದು ಇಲ್ಲಿಯ ನೆನಪಿನೊಳಗೆ ಸೇರಿಕೊಂಡಿದೆ. ಹೇಳುವವರನ್ನು ನಡುವೆ ತಡೆದು ತಿದ್ದುವುದನ್ನು ನಾನು ಒಪ್ಪುವುದಿಲ್ಲ. ತಿದ್ದಿಸಿಕೊಂಡವರು ಮುಂದಕ್ಕೆ ಅಳೆದು ಸುರಿದು ಮಾತನಾಡುತ್ತಾರೆ. ಅವರು ಹೇಳಿದ್ದನ್ನು ಹಾಗೆಯೇ ಬರೆದು, ನಿಜ ಸಂಗತಿಯನ್ನು ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆಯುವುದು ನನ್ನ ಪದ್ಧತಿ. ಧ್ವಜ ಕಟ್ಟಿದ ಹಗ್ಗ ತಮ್ಮ ಮನೆಯದೆಂದು ಹೇಳುವ ಕುಟುಂಬಗಳು ಒಂದಕ್ಕಿಂತ ಹೆಚ್ಚಾಗಿವೆ. ಅವೆಲ್ಲವೂ ನನ್ನ ಪುಸ್ತಕದಲ್ಲಿವೆ.

ಮೈಸೂರು ನಗರದ ಕೆಲಸ ಇಷ್ಟು ಕಷ್ಟದ್ದಾಗಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಅದೇ ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಅಲ್ಲಿಯ ವೃತ್ತಕ್ಕೇ ಇದೆ. ದಿನವೂ ಅಲ್ಲಿ ಬಸ್ಸಿಳಿಯುವ ನನ್ನ ಹಳೆಯ ವಿದ್ಯಾರ್ಥಿಗಳು, ದೇಶಕ್ಕೆ ಸ್ವಾತಂತ್ರ್ಯ ಬಂದು ಸುಮಾರು ಒಂದು ತಿಂಗಳಾದ ಮೇಲೆ ಇಲ್ಲಿ ಗುಂಡು ಹಾರಿತ್ತೆಂದರೆ ಈಗಲೂ ನಂಬುವುದಿಲ್ಲ.

ಕಾಗದಗಳನ್ನು ನಾನು ಯಾರ ಮನೆಯಿಂದಲೂ ಹೊರಗೆ ತರುವುದಿಲ್ಲ. ನಡುಹಗಲಿನ ಬಿಸಿಲು ನೇರವಾಗಿ ಬೀಳದಂತೆ ಪಡಸಾಲೆಯಲ್ಲಿ ಹಾಸಿ, ಅಲ್ಲಿಯೇ ಚಿತ್ರ ತೆಗೆದು, ಅವರ ಕೈಯಿಂದಲೇ ಟ್ರಂಕಿಗೆ ಹಾಕಿಸುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿರೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಬಲು ಕಷ್ಟ. ಹಳೆಯ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದ್ದರಿಂದ ಧ್ವನಿಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದು ಪ್ರತಿಯನ್ನು ಶಾಲೆಗೂ ಇನ್ನೊಂದನ್ನು ಹೇಳಿದವರ ಮಕ್ಕಳಿಗೂ ಕೊಡುತ್ತಿದ್ದೇನೆ. ಪ್ರತಿಯೊಂದರ ಮೇಲೂ ಊರು, ಸಂವತ್ಸರ, ಹೇಳಿದವರು ಅದನ್ನು ಸ್ವತಃ ಕಂಡದ್ದೋ ಮನೆಯಲ್ಲಿ ಕೇಳಿದ್ದೋ ಎಂಬುದನ್ನು ಬರೆದಿರುತ್ತೇನೆ. ಈಗ ಬರುತ್ತಿರುವುದೆಲ್ಲ ಕೇಳಿದ್ದೇ.