ಕಾಲು ತೆಗೆದರೂ ಕಾರಿನ ವೇಗ ಏರುತ್ತಿದೆಯೇ? ಹೀಗೆ ಮಾಡಿ

ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಿದ್ದೀರಿ. ಆದರೂ ಕಾರು ಮುನ್ನುಗ್ಗುತ್ತಲೇ ಇದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಒಂದೇ ಸೆಕೆಂಡಿಗೆ ಸುಮಾರು 28 ಮೀಟರ್ ದಾಟಿರುತ್ತೀರಿ. ಆಗ ಯೋಚಿಸಲು ಪುರುಸೊತ್ತು ಎಲ್ಲಿ? ಅದಕ್ಕೇ ಏನು ಮಾಡಬೇಕೆಂದು ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಮೊದಲು ಕಾಲನ್ನು ಪೂರ್ತಿ ಮೇಲೆತ್ತಿ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರನ್ನೇ ಒತ್ತುವ ತಪ್ಪು ಯಾರಿಂದಲೂ ಆಗಬಹುದು, ಅದರಲ್ಲೂ ಪಾರ್ಕಿಂಗ್ ಮಾಡುವಾಗ.

ಕಾಲೆತ್ತಿದರೂ ವೇಗ ಇಳಿಯದಿದ್ದರೆ ಬ್ರೇಕ್ ಒತ್ತಿ, ಒತ್ತಿಯೇ ಹಿಡಿಯಿರಿ. ಬೇಕಾದರೆ ಎರಡೂ ಕಾಲು ಬಳಸಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾತ್ರ ಮಾಡಬೇಡಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಹಗುರವಾಗಿರುವುದು ಎಂಜಿನ್ ಎಳೆದುಕೊಳ್ಳುವ ಗಾಳಿಯಿಂದ ಹುಟ್ಟುವ ನಿರ್ವಾತದ ನೆರವಿನಿಂದ. ಎಂಜಿನ್ ಪೂರ್ತಿ ವೇಗಕ್ಕೆ ತೆರೆದುಕೊಂಡಾಗ ಹೊಸ ನಿರ್ವಾತ ಹುಟ್ಟುವುದಿಲ್ಲ. ಉಳಿದಿರುವುದು ಒಂದೆರಡು ಸಲ ಒತ್ತುವಷ್ಟು ಮಾತ್ರ. ಅದೂ ಖಾಲಿಯಾದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಬ್ರೇಕ್ ಹಿಡಿದಿರುವಾಗಲೇ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಇದನ್ನು ಮಾತ್ರ ಮರೆಯಲೇಬೇಡಿ. ಮ್ಯಾನುಯಲ್ ಗೇರ್ ಕಾರಾದರೆ ಕ್ಲಚ್ ಒತ್ತಿದರೂ ಸಾಕು, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಆಗ ಎಂಜಿನ್ ಜೋರಾಗಿ ಕಿರುಚುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಹೆದರಿ ಮತ್ತೆ ಗೇರ್ ಹಾಕಬೇಡಿ. ಕಿರುಚಿದರೆ ಕಿರುಚಲಿ. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಅಲ್ವಾ?

ಹಜಾರ್ಡ್ ಲೈಟ್ ಹಾಕಿ, ನಿಧಾನವಾಗಿ ರಸ್ತೆ ಬದಿಗೆ ತಂದು ನಿಲ್ಲಿಸಿ. ನಿಂತ ಮೇಲೆ ಎಂಜಿನ್ ಆಫ್ ಮಾಡಿ.

ನ್ಯೂಟ್ರಲ್ ಬೀಳಲೇ ಇಲ್ಲವೇ? ಆಗ ಮಾತ್ರ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಿ. ಕೀಲಿ ಇದ್ದರೆ ಒಂದೇ ಹಂತ ಹಿಂದಕ್ಕೆ ತಿರುಗಿಸಿ. ಪೂರ್ತಿ ತಿರುಗಿಸಿ ಹೊರಗೆಳೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಬಟನ್ ಇದ್ದರೆ ಒಮ್ಮೆ ಒತ್ತಿದರೆ ಸಾಲದು. ಹಲವು ಕಾರುಗಳಲ್ಲಿ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು, ಇಲ್ಲವೇ ಬೆನ್ನುಬೆನ್ನಿಗೆ ಹಲವು ಸಲ ಒತ್ತಬೇಕು. ನಿಮ್ಮ ಕಾರಿನಲ್ಲಿ ಹೇಗೆ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇವತ್ತೇ ನೋಡಿ. ಎಂಜಿನ್ ನಿಂತ ಮೇಲೆ ಸ್ಟಿಯರಿಂಗ್ ಭಾರವಾಗುತ್ತದೆ, ಬಲ ಹಾಕಿ ತಿರುಗಿಸಿ.

ನಿಂತ ಕಾರನ್ನು ‘ಈಗ ಸರಿಹೋಗಿರಬಹುದು’ ಅಂತ ಮತ್ತೆ ಓಡಿಸಬೇಡಿ. ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಕಾಲಡಿಯ ಮ್ಯಾಟ್ ಬಗ್ಗೆಯೂ ಹೇಳಲೇಬೇಕು. ಮ್ಯಾಟ್ ಮುಂದಕ್ಕೆ ಸರಿದು ಪೆಡಲ್ ಅದರಡಿ ಸಿಕ್ಕಿಕೊಳ್ಳುವ ಅಪಾಯವಿದೆ ಎಂದು 2009ರಲ್ಲಿ ಟೊಯೋಟಾ ಅಮೆರಿಕದಲ್ಲಿ ಲಕ್ಷಾಂತರ ಕಾರುಗಳನ್ನು ರೀಕಾಲ್ ಮಾಡಿತ್ತು. ಒಂದರ ಮೇಲೊಂದು ಮ್ಯಾಟ್ ಹಾಕಬೇಡಿ. ಕಾರು ತೊಳೆಸಿ ತಂದಾಗಲೆಲ್ಲ ಬಗ್ಗಿ, ಚಾಲಕನ ಮ್ಯಾಟ್ ಕೊಕ್ಕೆಗೆ ಸಿಕ್ಕಿದೆಯೇ ಅಂತ ಕೈಯಿಂದ ಎಳೆದು ನೋಡಿ.