ನನ್ನ ಕೈಗೆ ಅಳೆದು ಕಟ್ಟಿದ ಗಿಟಾರ್

14 ತಿಂಗಳು ಕಾದು ತರಿಸಿಕೊಂಡ ಗಿಟಾರನ್ನು ಬಂದ ದಿನ ನಾನು ಮುಟ್ಟಲೇ ಇಲ್ಲ. ಪೆಟ್ಟಿಗೆ ತೆರೆಯುವ ಮುಂಚೆ ಅದು ಒಂದು ಇಡೀ ದಿನ ಕೋಣೆಯಲ್ಲಿ ಸುಮ್ಮನೆ ಇರಬೇಕು ಎಂದು ಕಟ್ಟಿದವರು ಖಡಾಖಂಡಿತವಾಗಿ ಹೇಳಿದ್ದರು. ದಾರಿಯಲ್ಲಿ ತಣ್ಣಗಾಗಿರುವ ಮರಕ್ಕೆ, ಅದರ ಮೇಲಿನ ತೆಳ್ಳನೆಯ ಲ್ಯಾಕರ್ ಲೇಪಕ್ಕೆ ಒಮ್ಮೆಲೇ ಬೆಚ್ಚನೆ ಗಾಳಿ ತಗುಲಿದರೆ ಕೂದಲೆಳೆಯಂಥ ಬಿರುಕು ಬೀಳಬಹುದಂತೆ. ಸರಿ, ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. "ಏನು, ಮೊಟ್ಟೆಗೆ ಕಾವು ಕೊಡ್ತಾ ಇದೀರಾ?" ಎಂದು ಕೇಳಿ ಹೆಂಡತಿ ಒಳಗೆ ಹೋದಳು.

ನನ್ನ ಹತ್ತಿರ ಗಿಟಾರ್ ಇರಲಿಲ್ಲ ಎಂದೇನಲ್ಲ. 12 ವರ್ಷದಿಂದ ಒಂದು ಪ್ಲೈವುಡ್ ಆರ್ಚ್‌ಟಾಪ್, ಅಂದರೆ ಮೇಲ್ಹಲಗೆ ಕಮಾನಿನಂತೆ ಉಬ್ಬಿದ ಗಿಟಾರ್, ನುಡಿಸುತ್ತಿದ್ದೆ. ಗಿಬ್ಸನ್ ಕಂಪನಿ 1949ರಲ್ಲಿ ತಂದ ಇಎಸ್-175ರ ಜಾತಿಯದು. ಅದರ ಮೇಲ್ಹಲಗೆ ಕೆತ್ತಿದ್ದಲ್ಲ; ಮೇಪಲ್ ಮರದ ಪದರಗಳನ್ನು ಅಂಟಿಸಿ, ಅಚ್ಚಿನಲ್ಲಿ ಒತ್ತಿ ಬಗ್ಗಿಸಿದ್ದು. ಪ್ಲೈವುಡ್ ಎಂದರೆ ಮೂಗು ಮುರಿಯುವವರಿಗೆ, ಜಾಝ್ ಗಿಟಾರ್ ವಾದಕ ಜೋ ಪಾಸ್ ಬಹುಕಾಲ ನುಡಿಸಿದ್ದು ಅಂಥದ್ದನ್ನೇ ಎಂದು ನೆನಪಿಸುತ್ತೇನೆ. ಆಂಪ್‌ಗೆ, ಅಂದರೆ ದನಿ ಏರಿಸುವ ಪೆಟ್ಟಿಗೆಗೆ, ಸಿಕ್ಕಿಸಿದರೆ ಅದರ ದನಿ ನನಗೆ ಈಗಲೂ ಇಷ್ಟ. ಆದರೆ ನಾನು ನುಡಿಸುವುದು ಹೆಚ್ಚಾಗಿ ರಾತ್ರಿ, ಒಬ್ಬನೇ, ಆಂಪ್ ಇಲ್ಲದೆ. ಆಗ ಅದು ಕಪಾಟಿನ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು. ಒಮ್ಮೆ ಪರಿಚಯದವರೊಬ್ಬರ ಮನೆಯಲ್ಲಿ, ಕೈಯಲ್ಲಿ ಕೆತ್ತಿದ ಹಳೆಯ ಆರ್ಚ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಜಿ ಸಿಕ್ಸ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ) ಮೀಟಿದೆ. ಹಿಂಬದಿಯ ಹಲಗೆ ನನ್ನ ಪಕ್ಕೆಲುಬಿಗೆ ಆತುಕೊಂಡು ನಡುಗಿತು. ಆ ನಡುಕವನ್ನು ಮರೆಯಲು ಎರಡು ವರ್ಷ ಪ್ರಯತ್ನಪಟ್ಟೆ. ಆಗಲಿಲ್ಲ.

ಆರ್ಚ್‌ಟಾಪ್ ಎಂದರೆ, ಪಿಟೀಲು ಕಟ್ಟುವ ವಿದ್ಯೆಯನ್ನು ಗಿಟಾರಿಗೆ ತಂದದ್ದು. ಅಮೆರಿಕದ ಕಲಮಜೂನಲ್ಲಿ ಆರ್ವಿಲ್ ಗಿಬ್ಸನ್ 1890ರ ದಶಕದಲ್ಲಿ ಮ್ಯಾಂಡೊಲಿನ್, ಗಿಟಾರುಗಳ ಮೇಲ್ಹಲಗೆಯನ್ನು ದಪ್ಪ ಮರದಿಂದ ಉಬ್ಬಾಗಿ ಕೆತ್ತತೊಡಗಿದ. ಅವನ ಹೆಸರಿನ ಕಂಪನಿಯಲ್ಲಿ ವಾದ್ಯ ವಿನ್ಯಾಸಕ ಲಾಯ್ಡ್ ಲೋರ್ ಇದ್ದಾಗ, 1922ರಲ್ಲಿ, ಎಲ್-5 ಎಂಬ ಗಿಟಾರ್ ಬಂತು. ನಡುವಿನ ದುಂಡು ರಂಧ್ರ ಹೋಗಿ ಪಿಟೀಲಿನ ಹಾಗೆ ಎಫ್ ಆಕಾರದ ಎರಡು ಸೀಳು ಬಂದವು. ನಾವೀಗ ಜಾಝ್ ಗಿಟಾರ್ ಎನ್ನುವುದರ ನಕ್ಷೆ ಬಹುಮಟ್ಟಿಗೆ ಅದೇ.

ಆದರೆ ಕಣ್ಣಿಗೆ ಕಾಣುವ ಉಬ್ಬಿಗಿಂತ ದೊಡ್ಡ ವ್ಯತ್ಯಾಸ, ತಂತಿಯ ಭಾರ ಎಲ್ಲಿ ಬೀಳುತ್ತದೆ ಎಂಬುದರಲ್ಲಿದೆ. ಸಾಮಾನ್ಯ ಅಕೌಸ್ಟಿಕ್ ಗಿಟಾರಿನಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಹಲಗೆಗೆ ಅಂಟಿರುತ್ತದೆ, ತಂತಿಗಳು ಅದನ್ನು ಹಿಡಿದು ಜಗ್ಗುತ್ತವೆ. ಇಲ್ಲಿ ತಂತಿಗಳು ಬ್ರಿಡ್ಜನ್ನು ದಾಟಿ, ಕೆಳ ಅಂಚಿಗೆ ಬಿಗಿದ, ತಂತಿಯ ತುದಿಗಳನ್ನು ಹಿಡಿಯುವ ಟೇಲ್‌ಪೀಸ್‌ವರೆಗೆ ಹೋಗುತ್ತವೆ. ಬ್ರಿಡ್ಜ್ ಪಿಟೀಲಿನ ಕುದುರೆಯ ಹಾಗೆ ಹಲಗೆಯ ಮೇಲೆ ಬರಿದೇ ನಿಂತಿರುತ್ತದೆ. ನಾನೂ ಇನ್ನು ಅದನ್ನು ಕುದುರೆ ಎಂದೇ ಕರೆಯುತ್ತೇನೆ. ಆರು ತಂತಿಗಳ ಒಟ್ಟು ಬಿಗಿತ ಸುಮಾರು 70 ಕಿಲೋ. ಅದರಲ್ಲೊಂದು ಪಾಲು ಕುದುರೆಯ ಕಾಲುಗಳ ಮೂಲಕ ನೇರ ಕೆಳಗೆ ಒತ್ತುತ್ತದೆ, ಕಮಾನು ಅದನ್ನು ಹೊರುತ್ತದೆ. ಸ್ವರ ಥಟ್ಟನೆ ಎದ್ದು ಬೇಗ ಇಳಿಯುವ ಆ ಗುಣ ಹುಟ್ಟುವುದು ಈ ಕಟ್ಟಡದಿಂದ. ಹಿತ್ತಾಳೆ ವಾದ್ಯಗಳ ಗುಂಪಿನಲ್ಲಿ ಕೂತು ಲಯ ಹಿಡಿಯುವವನಿಗೆ ಬೇಕಾಗಿದ್ದೂ ಅದೇ.

ಕಟ್ಟುವವರನ್ನು ಹುಡುಕಿದ ಕತೆ ಉದ್ದ, ಸ್ವಾರಸ್ಯ ಕಡಿಮೆ, ಬಿಡಿ. ಒಬ್ಬರೇ ಕೂತು ವರ್ಷಕ್ಕೆ ಬೆರಳೆಣಿಕೆಯಷ್ಟು ಗಿಟಾರ್ ಮಾಡುವವರು ಸಿಕ್ಕರು. ಮನೆಯಲ್ಲಿ ನಾವು ಅವರನ್ನು ಮೇಸ್ತ್ರಿ ಎಂದು ಕರೆಯತೊಡಗಿದೆವು. ಅವರಿಗೆ ನಾನು ಆರು ಪುಟದ ಪಟ್ಟಿ ಕಳಿಸಿದ್ದೆ. ನ್ಯೂಯಾರ್ಕಿನ ಸಣ್ಣ ಕಾರ್ಯಾಗಾರದಲ್ಲಿ 1964ರಲ್ಲಿ ತೀರಿಕೊಳ್ಳುವವರೆಗೆ 1,164 ಗಿಟಾರುಗಳಿಗೆ ಸಂಖ್ಯೆ ಹಾಕಿದ ಜಾನ್ ಡಿಆಂಜೆಲಿಕೊ ಅವರ ವಾದ್ಯಗಳ ಚಿತ್ರ ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. 18 ಇಂಚು ಅಗಲ ಬೇಕು, ಹುಲಿಪಟ್ಟೆ ಮೇಪಲ್ ಬೇಕು, ಚಿನ್ನದ ಬಣ್ಣದ ಬಿರಡೆಗಳು ಬೇಕು, ಅಂಚಿಗೆ ಏಳು ಪದರದ ಬೈಂಡಿಂಗ್ ಪಟ್ಟಿ ಬೇಕು. ಮದುವೆ ಮಂಟಪದ ಅಲಂಕಾರದ ಪಟ್ಟಿ ಇದ್ದ ಹಾಗಿತ್ತು.

ಅವರ ಉತ್ತರದಲ್ಲಿ ಆ ಪಟ್ಟಿಯ ಸುದ್ದಿಯೇ ಇಲ್ಲ. "ಬಲಗೈ ಕಾಣೋ ಹಾಗೆ 20 ನಿಮಿಷ ನುಡಿಸಿದ ವಿಡಿಯೋ ಕಳಿಸಿ. ಚೆನ್ನಾಗಿ ನುಡಿಸೋಕೆ ಹೋಗಬೇಡಿ, ದಿನಾ ನುಡಿಸೋ ಹಾಗೆ ನುಡಿಸಿ" ಎಂದಷ್ಟೇ. ಕಳಿಸಿದೆ. (ಚೆನ್ನಾಗಿ ನುಡಿಸೋಕೇ ಹೋಗಿದ್ದೆ, ಆಗಲಿಲ್ಲ, ಅದು ಬೇರೆ ಮಾತು.) ವಾರ ಬಿಟ್ಟು ಫೋನ್ ಬಂತು.

"ನೀವು ಕೇಳ್ತಿರೋದು 18 ಇಂಚಿಂದು. ನಿಮ್ಮ ಕೈ 16 ಇಂಚಿಂದು."

ಕೋಪ ಬಂತು. ಅಂಗಿ ಕೊಳ್ಳಲು ಹೋದವನನ್ನು ಮಕ್ಕಳ ವಿಭಾಗಕ್ಕೆ ಕಳಿಸಿದ ಹಾಗಾಯಿತು. ಅವರು ಮಾತ್ರ ನಿಧಾನವಾಗಿ ಬಿಡಿಸಿ ಹೇಳಿದರು. 1930ರ ದಶಕದಲ್ಲಿ ಗಿಟಾರುಗಳ ಮೈ ಬೆಳೆದದ್ದು ಅಂದಕ್ಕಲ್ಲ. ತುತ್ತೂರಿಗಳ ಸದ್ದಿನ ನಡುವೆ ಆಂಪ್ ಇಲ್ಲದೆ ಕೇಳಿಸಬೇಕಿತ್ತು. ಕೌಂಟ್ ಬೇಸಿಯ ಜಾಝ್ ವಾದ್ಯವೃಂದದಲ್ಲಿ 1937ರಿಂದ 1987ರವರೆಗೆ, ತಾವು ಸಾಯುವವರೆಗೆ, ಲಯ ಹಿಡಿದ ಫ್ರೆಡ್ಡಿ ಗ್ರೀನ್ ತಂತಿಗಳನ್ನು ಎತ್ತರಕ್ಕೆ ಏರಿಸಿಕೊಂಡು ಗಟ್ಟಿಯಾಗಿ ಮೀಟುತ್ತಿದ್ದರು. ಅಂಥ ಕೈಗೆ ದೊಡ್ಡ ಮೈ, ದಪ್ಪ ಹಲಗೆ ಹೊಂದುತ್ತದೆ. "ನೀವು ತಂತಿ ಮೀಟೋ ಪಿಕ್‌ನ ಮೆತ್ತಗೆ ಹಿಡೀತೀರಿ, ಕುತ್ತಿಗೆ ಹತ್ರ ಮೀಟ್ತೀರಿ, ಮಧ್ಯೆ ಮಧ್ಯೆ ಪಿಕ್ ಬಿಟ್ಟು ಹೆಬ್ಬೆರಳಿಗೆ ಹೋಗ್ತೀರಿ. ದೊಡ್ಡ ಹಲಗೆನ ಎಬ್ಬಿಸೋಕೆ ನೀವು ದಿನಾ ಅದರ ಜೊತೆ ಜಗಳ ಆಡಬೇಕಾಗುತ್ತೆ."

16 ಇಂಚಿನ ಮೈ, ತುಸು ತೆಳುವಾಗಿ ಕೆತ್ತಿದ ಮೇಲ್ಹಲಗೆ, ಅದರ ಅಡಿಗೆ ಎರಡು ಉದ್ದನೆಯ ಸಮಾನಾಂತರ ಪಟ್ಟಿಗಳ ಬದಲು ಎಕ್ಸ್ ಆಕಾರದಲ್ಲಿ ದಾಟುವ ಪಟ್ಟಿಗಳು. ಇದು ಅವರ ಸಲಹೆ. ಸಮಾನಾಂತರ ಪಟ್ಟಿ ದನಿಯನ್ನು ಮುಂದಕ್ಕೆ ಎಸೆಯುತ್ತದೆ, ಮೊನಚು ಜಾಸ್ತಿ. ಎಕ್ಸ್ ಪಟ್ಟಿಯಲ್ಲಿ ಕೆಳಗಿನ ಸ್ವರಗಳು ತುಂಬಿಕೊಳ್ಳುತ್ತವೆ, ಸ್ವರ ಇನ್ನೊಂದು ಚೂರು ಹೊತ್ತು ನಿಲ್ಲುತ್ತದೆ. ನಾನು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ನನ್ನದೇ ವಿಡಿಯೋ ಹಾಕಿಕೊಂಡು ಕೂತೆ, ಪಕ್ಕದಲ್ಲಿ ಆ ಆರು ಪುಟ. ಪಟ್ಟಿ ಬರೆದವನು ಬೇರೆ, ನುಡಿಸುತ್ತಿರುವವನು ಬೇರೆ. ಒಪ್ಪಿಕೊಂಡೆ.

ಇಡೀ ವ್ಯವಹಾರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಮರ ಆರಿಸಿದ ಸಂಜೆ. ಮೇಲ್ಹಲಗೆಗೆ ಸ್ಪ್ರೂಸ್. ದಿಮ್ಮಿಯಿಂದ ಸೀಳಿದ ತುಂಡನ್ನು ಪುಸ್ತಕ ಬಿಡಿಸಿದ ಹಾಗೆ ಎರಡಾಗಿ ತೆರೆದು ನಡುವೆ ಅಂಟಿಸುತ್ತಾರೆ. ಮೇಸ್ತ್ರಿಯವರ ಬಳಿ ಹಲವು ವರ್ಷ ಒಣಗಿದ ಮೂರು ಜೋಡಿ ಇದ್ದವು. ಫೋಟೋ ಕಳಿಸಲಿಲ್ಲ. ಒಂದೊಂದನ್ನೂ ಎರಡು ಬೆರಳಲ್ಲಿ ತೂಗುಹಾಕಿ, ಗೆಣ್ಣಿನಿಂದ ತಟ್ಟಿದ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರು. ಮೊದಲನೆಯದು ಟಕ್ ಎಂದು ಸುಮ್ಮನಾಯಿತು. ಎರಡನೆಯದು ಪರವಾಗಿಲ್ಲ. ಮೂರನೆಯದು ಕಂಚಿನ ಲೋಟ ತಟ್ಟಿದ ಹಾಗೆ ಟಣ್ ಎಂದು, ಅದರ ಹಿಂದೊಂದು ಕೆಳದನಿ ಉಳಿಯಿತು. ಹತ್ತು ಸಲ ಕೇಳಿ ಮೂರನೆಯದು ಎಂದೆ. ಆಮೇಲೆ ಫೋಟೋ ಬಂತು: ಗೆರೆಗಳು ಒಂದು ಕಡೆ ಒತ್ತು, ಇನ್ನೊಂದು ಕಡೆ ವಿರಳ, ಅಂಚಿನ ಬಳಿ ಕಂದು ಬಣ್ಣದ ಒಂದು ಕಲೆ. ಕಣ್ಣಿನಿಂದ ಆರಿಸಿದ್ದರೆ ಮೊದಲು ಪಕ್ಕಕ್ಕಿಡುತ್ತಿದ್ದದ್ದೇ ಅದನ್ನು. ಹಿಂಬದಿಯ ಮೇಪಲ್ ವಿಷಯ ಬಂದಾಗ, "ಹುಲಿಪಟ್ಟೆ ಕಣ್ಣಿಗೆ, ಕಿವಿಗಲ್ಲ" ಎಂದರು. ಇರಲಿ, ನನಗೆ ಕಣ್ಣೂ ಇದೆ ಎಂದೆ. ಅದೊಂದನ್ನು ಬಿಟ್ಟುಕೊಡಲಿಲ್ಲ.

ಉಳಿದದ್ದೆಲ್ಲ ಬೇಗ ತೀರ್ಮಾನವಾಯಿತು. ಹಳೆಯ ಗಿಟಾರಿನ ಕುತ್ತಿಗೆಯ ದಪ್ಪವನ್ನು ಮೊದಲ ಫ್ರೆಟ್ಟಿನಲ್ಲೂ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತನೆಯದರಲ್ಲೂ ಕ್ಯಾಲಿಪರ್ ಹಿಡಿದು ಅಳೆದು ಕಳಿಸಿದೆ. ತಂತಿಯ ಉದ್ದ 25 ಇಂಚು. ತಂತಿಯ ಕಂಪನವನ್ನು ಆಂಪ್‌ಗೆ ಒಯ್ಯುವ ಪಿಕಪ್ಪಿಗಾಗಿ ಹಲಗೆಯನ್ನು ಕೊರೆಯುವುದು ಬೇಡ. ಬೆರಳೊತ್ತುವ ಫಿಂಗರ್‌ಬೋರ್ಡಿನ ತುದಿಗೆ ಸಿಕ್ಕಿಸಿ ಹಲಗೆಗೆ ತಾಗದಂತೆ ತೇಲಿಬಿಡುವ ಪಿಕಪ್ ಸಾಕು. ಆಂಪಿನ ದನಿ ಏರಿಸಿದರೆ ಇಂಥ ಗಿಟಾರ್ ಬೇಗ ಊಳಿಡುತ್ತದೆ, ಗೊತ್ತಿದ್ದೇ ಒಪ್ಪಿದೆ. ಜೋರಾಗಿ ನುಡಿಸಬೇಕಾದಾಗ ಪ್ಲೈವುಡ್ ಇದ್ದೇ ಇದೆ. ಬೈಂಡಿಂಗ್ ಏಳು ಪದರದಿಂದ ಒಂದಕ್ಕೆ ಇಳಿಯಿತು. ಚಿನ್ನದ ಬಿರಡೆ ಹೋಯಿತು, ಟೇಲ್‌ಪೀಸ್ ಕೂಡ ಎಬನಿ ಮರದ್ದೇ ಆಯಿತು.

ಆಮೇಲೆ ತಿಂಗಳಿಗೊಮ್ಮೆ ನಾಲ್ಕೈದು ಫೋಟೋ. ಇಂಚು ದಪ್ಪದ ಸ್ಪ್ರೂಸ್ ಮೊದಲು ಉಳಿಯಲ್ಲಿ, ಆಮೇಲೆ ಹೆಬ್ಬೆರಳ ಗಾತ್ರದ ಹಿತ್ತಾಳೆಯ ಪುಟ್ಟ ಕೀಸುಳಿಯಲ್ಲಿ ಸವೆಯುತ್ತ ಬಂತು. ಕೊನೆಗೆ ನಡುವೆ 6 ಮಿಲಿಮೀಟರ್, ಅಂಚಿನ ತಗ್ಗಿನಲ್ಲಿ 3ರ ಹತ್ತಿರ. ಸಂಖ್ಯೆ ಇಟ್ಟುಕೊಂಡು ಕೆತ್ತುವುದಿಲ್ಲ, ತಟ್ಟಿ ಕೇಳಿ, ಕೈಯಲ್ಲಿ ಬಗ್ಗಿಸಿ ನೋಡಿ ನಿಲ್ಲಿಸುತ್ತೇನೆ, ಸಂಖ್ಯೆ ಆಮೇಲೆ ಅಳೆದದ್ದು ಎಂದರು. ಲ್ಯಾಕರ್ ಒಣಗುವಾಗ ಒಂದೂವರೆ ತಿಂಗಳು ಸುದ್ದಿಯೇ ಇಲ್ಲ. ಆಗ ನಾನು ಮನೆಯಲ್ಲಿ ಸಹಿಸಲಾಗದವನಾಗಿದ್ದೆ ಎಂದು ತಿಳಿದುಬಂದಿದೆ.

ಕೊನೆಗೂ ಪೆಟ್ಟಿಗೆ ತೆರೆದೆ. ನೋಡಲು ಹೇಗಿತ್ತು ಎಂದು ಬರೆಯಲು ಹೋಗುವುದಿಲ್ಲ. ಎತ್ತಿಕೊಂಡಾಗ ಮೊದಲು ತಿಳಿದದ್ದು ಎಷ್ಟು ಹಗುರ ಎಂಬುದು. ಶ್ರುತಿ ಮಾಡಿ ಅದೇ ಜಿ ಸಿಕ್ಸ್ ಮೀಟಿದೆ.

ಮೂಗಿನಲ್ಲಿ ಹಾಡಿದ ಹಾಗಿತ್ತು. ಬಿಗಿ, ತೆಳು. ನಡುಕ ಇಲ್ಲವೇ ಇಲ್ಲ. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಮೇಸ್ತ್ರಿಗೆ ಫೋನ್ ಮಾಡಿದರೆ, "ಆರು ವಾರ ದಿನಾ ನುಡಿಸಿ, ಆಮೇಲೆ ಬೈಯಿರಿ" ಎಂದು ಇಟ್ಟುಬಿಟ್ಟರು. ಹೊಸ ಹಲಗೆ ಮೊದಲ ಸಲ ಭಾರ ಹೊತ್ತಿದೆ, ಅದಕ್ಕೆ ರೂಢಿಯಾಗಬೇಕು ಎನ್ನುತ್ತಾರೆ. ಎರಡನೆಯ ವಾರದ ಕೊನೆಗೆ ಕೆಳಗಿನ ಎರಡು ತಂತಿಗಳು ಬಾಯಿ ಬಿಟ್ಟವು. ಒಂದು ತಿಂಗಳಿಗೆ ಪಕ್ಕೆಲುಬಿಗೆ ಆ ನಡುಕ ಬಂತು. ಮರವೇ ಬದಲಾಯಿತೋ, ಅದನ್ನು ಎಲ್ಲಿ ಎಷ್ಟು ಮುಟ್ಟಬೇಕೆಂದು ನನ್ನ ಕೈ ಕಲಿಯಿತೋ? ನನ್ನ ಮಟ್ಟಿಗೆ ಅರ್ಧ ಅದು, ಅರ್ಧ ಇದು.

ಈ ನಡುವೆ ಒಂದು ಪೆದ್ದುತನ ಮಾಡಿದೆ. ತಂತಿ ಬದಲಿಸಲು ಆರನ್ನೂ ಒಮ್ಮೆಗೇ ಸಡಿಲಿಸಿದೆ. ಕುದುರೆಯನ್ನು ಹಿಡಿದಿಟ್ಟಿದ್ದದ್ದು ತಂತಿಯ ಒತ್ತಡವೊಂದೇ ಎಂಬುದು ಗೊತ್ತಿದ್ದೂ ಮರೆತಿದ್ದೆ. ಕುದುರೆ ಮಗುಚಿ ಹಲಗೆಯ ಮೇಲೆ ಜಾರಿ ಒಂದು ಸಣ್ಣ ಗೀರು ಎಳೆಯಿತು. ಅದು ನಿಂತಿದ್ದ ಜಾಗಕ್ಕೆ ಗುರುತೂ ಹಾಕಿರಲಿಲ್ಲ. ಇಡೀ ಸಂಜೆ ಅದನ್ನು ಮತ್ತೆ ಲಾಯಕ್ಕೆ ಕಟ್ಟುವುದರಲ್ಲೇ ಹೋಯಿತು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಸೋಕಿ ಹಾರ್ಮೋನಿಕ್ ನುಡಿಸಬೇಕು, ಆಮೇಲೆ ಅಲ್ಲೇ ಒತ್ತಿ ನುಡಿಸಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆ ಟೇಲ್‌ಪೀಸ್ ಕಡೆಗೆ ಹೋಗಬೇಕು, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಎಲ್ಲಾ ಅರ್ಧ ಮಿಲಿಮೀಟರಿನ ಲೆಕ್ಕ. ಅಂದಿನಿಂದ ಒಂದು ತೆಗೆದು ಒಂದು ಹಾಕುತ್ತೇನೆ. ಪೆಟ್ಟಿಗೆಯೊಳಗೆ ತೇವಮಾಪಕವೂ ಬಂದಿದೆ. 45ರಿಂದ 50 ಪ್ರತಿಶತದಲ್ಲಿ ಮುಳ್ಳು ನಿಂತಿದ್ದರೆ ನನಗೆ ನಿದ್ದೆ.

ನುಡಿಸುವುದು ಸುಲಭವಾಯಿತೇ ಎಂದರೆ ಇಲ್ಲ. ಆಂಪಿನ ಹಿಂದೆ ಅಡಗುತ್ತಿದ್ದ ಎಡಗೈಯ ಸೋಮಾರಿತನವೆಲ್ಲ ಈಗ ಬೀದಿಗೆ ಬಿದ್ದಿದೆ. ಸರಿಯಾಗಿ ಒತ್ತದ ಬೆರಳನ್ನು ಈ ಗಿಟಾರ್ ಕ್ಷಮಿಸುವುದಿಲ್ಲ. ಹಾಗಾಗಿ ಆರು ತಂತಿ ತುಂಬುವ ಕಾರ್ಡುಗಳನ್ನು ಬಿಟ್ಟು ಮೂರೇ ಸ್ವರಕ್ಕೆ ಇಳಿದಿದ್ದೇನೆ, ಸಾಕಾಗುತ್ತದೆ. ಖುಷಿ ಎಲ್ಲಿದೆ ಎಂದರೆ, ಮೆತ್ತಗಿನ ಕಡೆಯಲ್ಲಿ. ಹಳೆಯದರಲ್ಲಿ ಮೆತ್ತಗೆ ಮೀಟಿದರೆ ಸ್ವರ ಸತ್ತುಹೋಗುತ್ತಿತ್ತು. ಇದರಲ್ಲಿ ಹೆಬ್ಬೆರಳ ಮಾಂಸ ತಂತಿಯನ್ನು ಬಿಡುವ ಸದ್ದೂ, ಅದರ ಬೆನ್ನಿಗೆ ಸ್ವರ ಹುಟ್ಟುವುದೂ ಬೇರೆ ಬೇರೆಯಾಗಿ ಕೇಳುತ್ತವೆ. ಪಕ್ಕದ ಕೋಣೆಯಲ್ಲಿ ಮಲಗಿದವರು ಏಳದಷ್ಟು ಸಣ್ಣ ದನಿಯಲ್ಲಿ ಒಂದು ಇಡೀ ಹಾಡು ಮುಗಿಸಬಹುದು. ಒಂದು ಗಂಟೆ ಎಂದು ಕೂತವನು ಗಡಿಯಾರ ನೋಡಿದರೆ ಎರಡೂವರೆ ಆಗಿರುತ್ತದೆ.

ಹೋದ ತಿಂಗಳು ನನ್ನ ಜೊತೆ ನುಡಿಸುವ ಗೆಳೆಯ ಬಂದಿದ್ದ. ಗಟ್ಟಿ ಕೈಯವನು, ಪಿಕ್ ಹಿಡಿದರೆ ಸೌದೆ ಒಡೆದ ಹಾಗೆ. ಎಷ್ಟು ದಿನದಿಂದ ಹೇಳ್ತಿದೀಯ, ಕೊಡು ನೋಡೋಣ ಎಂದ. ಕೊಟ್ಟೆ. ಎರಡು ಏಟು ಹಾಕಿದ. ಹಲಗೆ ಉಸಿರು ಕಟ್ಟಿಕೊಂಡ ಹಾಗೆ ಒಂದು ಮಿತಿಗೆ ಹೋಗಿ ಅಲ್ಲೇ ನಿಂತಿತು, ಅದಕ್ಕಿಂತ ಮೇಲೆ ಬರಲಿಲ್ಲ. ಮತ್ತೊಮ್ಮೆ ಹೊಡೆದ. ಊಹೂಂ.

"ಚಂದ ಇದೆ ಕಣೋ. ಆದ್ರೆ ಇದರಲ್ಲಿ ದಮ್ ಇಲ್ಲ," ಎಂದು ಮರಳಿಸಿ, ಮೂಲೆಯಲ್ಲಿದ್ದ ಪ್ಲೈವುಡ್ ಗಿಟಾರನ್ನು ಎತ್ತಿಕೊಂಡ.

ನಾನು ವಾದಿಸಲಿಲ್ಲ. ಶ್ರುತಿ ಚೂರು ಇಳಿದಿತ್ತು, ಸರಿಮಾಡಿಕೊಂಡು ತೊಡೆಯ ಮೇಲಿಟ್ಟುಕೊಂಡೆ. ಅವನು ಲಯ ಹಿಡಿದ.