ಪೇಪರ್ ಹಾಕಿದ ಮೇಲೆ ಮ್ಯಾನೇಜರ್ ಮುಖ ತಿರುಗಿಸಿದರೆ

ರಾಜೀನಾಮೆ ಕೊಡುವ ತನಕ ಎಲ್ಲ ಸರಿಯಾಗಿಯೇ ಇರುತ್ತದೆ. ಕೊಟ್ಟ ಮಾರನೇ ದಿನ ನಿಮ್ಮ ಗುಡ್ ಮಾರ್ನಿಂಗ್‌ಗೆ ಮ್ಯಾನೇಜರ್ ತಲೆಯೂ ಎತ್ತುವುದಿಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೋಟಿಸ್ ಪಿರಿಯಡ್ ಸಾಮಾನ್ಯವಾಗಿ 60 ಅಥವಾ 90 ದಿನ. ಮುನಿಸಿಕೊಂಡವರ ಎದುರು ಅಷ್ಟು ದಿನ ಕೂತು ಕೆಲಸ ಮಾಡುವುದು ಸಣ್ಣ ಮಾತಲ್ಲ.

ನನಗೂ ಹೀಗೇ ಆಗಿತ್ತು. ಬೆಳಗಿನ ಮೀಟಿಂಗ್‌ನಲ್ಲಿ ಹೊಸ ಹುಡುಗಿಯೊಬ್ಬಳು ನನ್ನನ್ನು ಏನೋ ಕೇಳಿದಳು. ‘ಅವರನ್ನ ಕೇಳಬೇಡ, ಅವರೀಗ ನಮ್ಮವರಲ್ಲ’ ಎಂದರು ಮ್ಯಾನೇಜರ್, ಹನ್ನೆರಡು ಜನರ ಎದುರು. ಬಾಯಿ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡೆ. ನನಗೆ ಬೇಕಿದ್ದ ರಿಲೀವಿಂಗ್ ಲೆಟರ್, ಬಾಕಿ ಸಂಬಳ, ಪಿಎಫ್ ಎಲ್ಲ ಇನ್ನೂ ಆ ಕಡೆಯೇ ಇದ್ದವು. ಅವು ಕೈಗೆ ಬರುವ ತನಕ ಜಗಳಕ್ಕೆ ಇಳಿಯಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಈಗ ಕೇಳುವವರಿಗೂ ಅದನ್ನೇ ಹೇಳುತ್ತೇನೆ.

ಮೊದಲು ನಿಮ್ಮ ಕಾಗದ ತೆಗೆದಿಟ್ಟುಕೊಳ್ಳಿ

ಪೇಪರ್ ಹಾಕುವ ಮುಂಚೆಯೇ ಈ ಕೆಲಸ ಮುಗಿಸಿ. ಕೆಲವು ಕಡೆ ರಾಜೀನಾಮೆ ಕೊಟ್ಟ ಸಂಜೆಯೇ ಲಾಗಿನ್ ಕಿತ್ತುಹಾಕುತ್ತಾರೆ. ಆಫರ್ ಲೆಟರ್, ನೇಮಕಾತಿ ಪತ್ರ, ಸಂಬಳದ ಸ್ಲಿಪ್‌ಗಳು, ಫಾರ್ಮ್ 16, ಇಂಕ್ರಿಮೆಂಟ್ ಪತ್ರಗಳು ನಿಮ್ಮ ಸ್ವಂತ ಮೇಲ್‌ನಲ್ಲಿರಲಿ. ಕಂಪನಿಯ ಕೋಡ್, ಗ್ರಾಹಕರ ಮಾಹಿತಿ ಮಾತ್ರ ಒಂದು ಫೈಲ್ ಕೂಡ ಬೇಡ. ಸಿಟ್ಟಾದ ಮ್ಯಾನೇಜರ್‌ಗೆ ನಾವೇ ಕೈಯಾರೆ ಕೋಲು ಕೊಟ್ಟಂತಾಗುತ್ತದೆ.

ಆಮೇಲೆ ನೇಮಕಾತಿ ಪತ್ರವನ್ನು ನಿಧಾನವಾಗಿ ಓದಿ. ನೋಟಿಸ್ ಎಷ್ಟು ದಿನ, ಹಣ ಕಟ್ಟಿ ಬೇಗ ಹೋಗಬಹುದಾ, ಬಾಂಡ್ ಇದೆಯಾ, ಎಲ್ಲ ಅದರಲ್ಲೇ ಇರುತ್ತದೆ. ಬಾಂಡ್ ಇದ್ದರೆ ಸುಮ್ನೆ ತಳ್ಳಿಹಾಕಬೇಡಿ. ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ‘ಆ ಕಂಪನಿಗೆ ನೀನು ಹೇಗೆ ಸೇರ್ತೀಯಾ ನೋಡ್ತೀನಿ’ ಎಂಬ ಬೆದರಿಕೆಗೆ ಮಾತ್ರ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟ ಮೇಲೂ ಬೇರೆ ಕಡೆ ದುಡಿಯಬಾರದು ಎಂದು ತಡೆಯುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಳೆಯ ಕಂಪನಿಯ ಗುಟ್ಟನ್ನು ಬಿಟ್ಟುಕೊಡುವ ಹಾಗಿಲ್ಲ, ಅಷ್ಟೇ.

ಬಾಯಿಮಾತು ಬಂದ ಕೂಡಲೇ ಮೇಲ್ ಮಾಡಿ

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕಿರುಕುಳ ಕೊಡುವವರು ಬರೆದು ಕೊಡುವುದು ಕಡಿಮೆ. ಕ್ಯಾಬಿನ್‌ಗೆ ಕರೆದು, ಫೋನ್ ಮಾಡಿ, ಲಿಫ್ಟ್ ಹತ್ತಿರ ನಿಲ್ಲಿಸಿ ಹೇಳುತ್ತಾರೆ. ‘ನಿನ್ನ ರಿಲೀವ್ ಮಾಡಲ್ಲ.’ ‘ರಜೆ ಹಾಕಿದ್ರೆ ನೋಟಿಸ್ ಮತ್ತೆ ಮೊದಲಿಂದ ಶುರು.’ ಅಲ್ಲೇ ವಾದ ಮಾಡಬೇಡಿ. ‘ಸರಿ, ನೋಡಿ ಹೇಳ್ತೀನಿ’ ಎಂದು ಸೀಟಿಗೆ ಬನ್ನಿ. ಅರ್ಧ ಗಂಟೆಯೊಳಗೆ ಒಂದು ಸಣ್ಣ ಮೇಲ್ ಕಳಿಸಿ:

‘ಇವತ್ತು ಮಧ್ಯಾಹ್ನ ಮೂರು ಗಂಟೆಗೆ ನಾವು ಮಾತಾಡಿದೆವು. ನನ್ನ ಕೊನೆಯ ದಿನವನ್ನು ಮುಂದೆ ಹಾಕಬೇಕು ಎಂದು ತಿಳಿಸಿದಿರಿ. ನೇಮಕಾತಿ ಪತ್ರದ ಪ್ರಕಾರ ನನ್ನ ನೋಟಿಸ್ ಇದೇ 28ಕ್ಕೆ ಮುಗಿಯುತ್ತದೆ. ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.’

ಇದರಲ್ಲಿ ಸಿಟ್ಟಿಲ್ಲ, ದೂರಿಲ್ಲ. ದಿನಾಂಕ ಇದೆ, ಹೊತ್ತು ಇದೆ, ಆಡಿದ ಮಾತು ಇದೆ. ಎಚ್‌ಆರ್‌ಗೂ ಒಂದು ಪ್ರತಿ ಹೋಗಲಿ. ನಾನು ಇಂಥ ಮೇಲ್ ಕಳಿಸಿದ್ದು ಎರಡೇ ಸಲ. ಆಮೇಲೆ ಕ್ಯಾಬಿನ್‌ಗೆ ಕರೆಯುವುದೇ ನಿಂತಿತು.

ಎಷ್ಟೇ ಬೇಜಾರಾದರೂ ಹೇಳದೆ ಕೇಳದೆ ಆಫೀಸಿಗೆ ಹೋಗುವುದನ್ನು ನಿಲ್ಲಿಸಬೇಡಿ. ‘ಅಬ್‌ಸ್ಕಾಂಡಿಂಗ್’ ಎಂದು ಬರೆದುಬಿಟ್ಟರೆ ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಅದೇ ಎದ್ದು ಕಾಣುತ್ತದೆ. ಹುಷಾರಿಲ್ಲದಿದ್ದರೆ ಮೇಲ್ ಮಾಡಿ, ಡಾಕ್ಟರ್ ಚೀಟಿ ಇಟ್ಟುಕೊಳ್ಳಿ.

ಕೂಗಾಡಿದರೆ ‘ಈಗ ಬೇಡ, ಸಮಾಧಾನವಾದ ಮೇಲೆ ಮಾತಾಡೋಣ’ ಎಂದು ಎದ್ದು ಬನ್ನಿ. ಅದು ನಿಮ್ಮ ಹಕ್ಕು. ಲೈಂಗಿಕ ಕಿರುಕುಳವಾಗಿದ್ದರೆ ವಿಷಯವೇ ಬೇರೆ. ಆಗ ಸಹಿಸಿಕೊಂಡು ಹೋಗಿ ಎಂದು ನಾನು ಖಂಡಿತ ಹೇಳುವುದಿಲ್ಲ. 2013ರ ಕಾಯ್ದೆಯಂತೆ ಘಟನೆ ನಡೆದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಮಹಿಳೆ ಲಿಖಿತ ದೂರು ಕೊಡಬಹುದು. ಕೆಲಸ ಬಿಟ್ಟೆ ಎಂಬ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ.

ಕೆಟಿ ಮತ್ತು ಎಕ್ಸಿಟ್ ಇಂಟರ್‌ವ್ಯೂ

ಕೆಲಸ ಹಸ್ತಾಂತರಿಸುವ ಕೆಟಿಗೆ ಒಂದು ಶೀಟ್ ಸಾಕು. ಯಾವ ಕೆಲಸ, ಯಾರಿಗೆ ಕಲಿಸಿದಿರಿ, ಯಾವತ್ತು ಮುಗಿಯಿತು ಎಂದು ಬರೆದು ಪ್ರತಿ ಶುಕ್ರವಾರ ಕಳಿಸಿ. ‘ಏನೂ ಹೇಳಿಕೊಡದೆ ಹೋದ’ ಎಂಬ ಮಾತಿಗೆ ಆಮೇಲೆ ಜಾಗವಿರುವುದಿಲ್ಲ.

ಎಕ್ಸಿಟ್ ಇಂಟರ್‌ವ್ಯೂನಲ್ಲಿ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿಲ್ಲ, ಅಲ್ವಾ? ಹಿಂದೆ ಉಳಿಯುವವರಿಗೆ ನಿಜಕ್ಕೂ ಉಪಯೋಗವಾಗುವ ಒಂದೆರಡು ಮಾತು ಹೇಳಿ, ಸಾಕ್ಷಿ ಇರುವಂಥದ್ದನ್ನು ಮಾತ್ರ.

ಕೊನೆಯ ದಿನ, ಆಮೇಲಿನ ದುಡ್ಡು

ಲ್ಯಾಪ್‌ಟಾಪ್ ಕೊಡುವಾಗ ಸೀರಿಯಲ್ ನಂಬರ್, ಚಾರ್ಜರ್, ಐಡಿ ಕಾರ್ಡ್ ಎಲ್ಲ ಬರೆಸಿ ಸಹಿ ಮಾಡಿದ ರಸೀದಿ ಪಡೆಯಿರಿ. ನನ್ನ ಸಹೋದ್ಯೋಗಿಯೊಬ್ಬರು ರಸೀದಿ ಕೇಳಲಿಲ್ಲ. ಇಪ್ಪತ್ತು ದಿನದ ಮೇಲೆ ಚಾರ್ಜರ್ ಬಂದಿಲ್ಲ ಎಂದು ಬಾಕಿ ಹಣದಲ್ಲಿ ಹಿಡಿದುಕೊಂಡರು.

ದುಡ್ಡಿನ ವಿಷಯದಲ್ಲಿ ಮ್ಯಾನೇಜರ್‌ಗೆ ನೀವು ಅಂದುಕೊಂಡಷ್ಟು ಕೈ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಹೋದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಐದು ವರ್ಷ ಪೂರೈಸಿದ್ದರೆ ಗ್ರಾಚ್ಯುಟಿಯೂ ಬರಬೇಕು, ಅದಕ್ಕೆ 30 ದಿನದ ಗಡುವು. ಲೆಕ್ಕಕ್ಕೆ ಬರುವ ಸಂಬಳ ತಿಂಗಳಿಗೆ 52,000 ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 30,000. ಆರು ವರ್ಷಕ್ಕೆ 1,80,000 ರೂಪಾಯಿ. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಸತಾಯಿಸಿದರೆ ಮೊದಲು ಎಚ್‌ಆರ್‌ಗೆ ಮೇಲ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಐಟಿಯವರಿಗೆ ಕೆಐಟಿಯು ಎಂಬ ಸಂಘವೂ ಇದೆ. ಆಗ ನೀವು ಕಳಿಸಿದ ಆ ಸಣ್ಣ ಮೇಲ್‌ಗಳೇ ಕೈಹಿಡಿಯುತ್ತವೆ.

ಕೊನೆಯ ಸಂಜೆ ನಾನು ಮ್ಯಾನೇಜರ್ ಸೀಟಿನ ಹತ್ತಿರ ಹೋಗಿ ‘ಹೋಗಿ ಬರ್ತೀನಿ ಸರ್’ ಎಂದೆ. ಅವರು ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ ತಲೆ ಆಡಿಸಿದರು. ರಸೀದಿಯನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಇಳಿದೆ. ರಿಲೀವಿಂಗ್ ಲೆಟರ್ ಹನ್ನೊಂದನೇ ದಿನ ಬಂತು, ಅವರದೇ ಸಹಿ ಇತ್ತು.